ಕೋಚಿಂಗ್ ಸೇರದೆ ಪಿಯು ಸೈನ್ಸ್ ಬೋರ್ಡು, ಸಿಇಟಿ ಎರಡನ್ನೂ ಒಟ್ಟಿಗೆ ಓದೋದು ಹೇಗೆ: ಪೂರ್ತಿ ಗೈಡ್

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ್ಮೇಲೆ ಅಪ್ಪ ಅಮ್ಮಂದಿರು ಕೇಳೋ ಪ್ರಶ್ನೆ ಒಂದೇ, ಮಗ ಸೈನ್ಸ್ ತಗೋತೀನಿ ಅಂತಿದಾನೆ, ಇಂಟಿಗ್ರೇಟೆಡ್ ಕೋಚಿಂಗ್‌ಗೆ ಲಕ್ಷಗಟ್ಟಲೆ ಕೇಳ್ತಿದಾರೆ, ಸೇರಿಸ್ಲೇಬೇಕಾ ಅಂತ. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಮೂಲಕ ಇಂಜಿನಿಯರಿಂಗ್ ಅಥವಾ ಅಗ್ರಿ ಸೀಟು ಸಾಕು ಅನ್ನೋರಿಗೆ ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮೆಡಿಕಲ್ ಸೀಟಿನ ನೀಟ್ ಆದ್ರೆ ಕಷ್ಟ ಜಾಸ್ತಿ, ಆದ್ರೂ ಆಗದೇ ಇರೋ ಕೆಲ್ಸ ಏನಲ್ಲ. ಐಐಟಿಗೆ ಬೇಕಾದ ಜೆಇಇ ಅಡ್ವಾನ್ಸ್ಡ್ ಗುರಿ ಇದ್ರೆ ಮಾತ್ರ ನಾನಿಲ್ಲಿ ಹೇಳೋದು ಸಾಲಲ್ಲ, ಅದರ ಆಳಾನೇ ಬೇರೆ. ತಾಲೂಕಿನ ಸಾಧಾರಣ ಪಿಯು ಕಾಲೇಜಿಗೆ ಹೋಗ್ತಾ, ಸಂಜೆ ಮನೇಲಿ ಕೂತು ಓದೋ ಹುಡ್ಗ ಹುಡ್ಗೀರಿಗೆ ಇದು ಬರೆದಿರೋದು.

ಪುಸ್ತಕ ತೆಗೆಯೋಕೆ ಮುಂಚೆ ಲೆಕ್ಕ ಹಾಕಿ

ಇಂಜಿನಿಯರಿಂಗ್ ರ‍್ಯಾಂಕ್ ಬರೋದು ಸಿಇಟಿ ಮಾರ್ಕ್ಸ್ ಒಂದರಿಂದಲೇ ಅಲ್ಲ. ಸೆಕೆಂಡ್ ಪಿಯು ಬೋರ್ಡ್ ಎಕ್ಸಾಮಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಸೇರಿ 300ಕ್ಕೆ ಎಷ್ಟು ತೆಗೆದ್ರಿ ಅನ್ನೋದು ಅರ್ಧ, ಸಿಇಟಿಲಿ 180ಕ್ಕೆ ಎಷ್ಟು ಅನ್ನೋದು ಇನ್ನರ್ಧ. ಈ ವಿಷ್ಯ ಎಲ್ರಿಗೂ ಗೊತ್ತು, ಆದ್ರೆ ಅದಕ್ಕೆ ತಕ್ಕಂಗೆ ಓದೋರು ಕಮ್ಮಿ.

ಒಂದು ಉದಾಹರಣೆ ನೋಡಿ. ಒಬ್ಬಳು ಬೋರ್ಡಲ್ಲಿ 270 ತೆಗೆದಳು, ಅಂದ್ರೆ 90 ಪರ್ಸೆಂಟು, ಅದರಲ್ಲಿ ಅರ್ಧ 45. ಸಿಇಟಿಲಿ 90 ಬಂತು, 50 ಪರ್ಸೆಂಟು, ಅರ್ಧ 25. ಒಟ್ಟು 70. ಇನ್ನೊಬ್ಬ ಸಿಇಟಿಗೇ ಬಿದ್ದು ಓದಿ 99 ತೆಗೆದ, 55 ಪರ್ಸೆಂಟು, ಅರ್ಧ 27.5, ಆದ್ರೆ ಬೋರ್ಡ್ ಕಡೆ ಗಮನ ಕೊಡದೆ 240ಕ್ಕೆ ನಿಂತ, ಅರ್ಧ 40. ಒಟ್ಟು 67.5. ಸಿಇಟಿಲಿ ಜಾಸ್ತಿ ತೆಗೆದವನೇ ಹಿಂದೆ ಉಳಿದ. ಬೋರ್ಡಲ್ಲಿ ಕಳ್ಕೊಂಡ 30 ಮಾರ್ಕ್ಸ್ ಸರಿದೂಗಿಸ್ಬೇಕು ಅಂದ್ರೆ ಸಿಇಟಿಲಿ 18 ಎಕ್ಸ್ಟ್ರಾ ತೆಗೀಬೇಕು, ಆ 18 ಎಷ್ಟು ಕಷ್ಟ ಅಂತ ಒಂದು ಹಳೇ ಪೇಪರ್ ಮಾಡಿ ನೋಡಿದ್ರೆ ಗೊತ್ತಾಗತ್ತೆ. ಮನೇಲಿ ಕೂತು ಓದೋರಿಗೆ ಅನುಕೂಲ ಇರೋದು ಇಲ್ಲೇ, ಬೋರ್ಡ್ ಮಾರ್ಕ್ಸ್ ತೆಗೆಯೋಕೆ ಯಾವ ಕೋಚಿಂಗೂ ಬೇಡ, ಟೆಕ್ಸ್ಟ್‌ಬುಕ್ ಮತ್ತು ಬರೆಯೋ ಅಭ್ಯಾಸ ಸಾಕು.

ನೀಟ್‌ನಲ್ಲಿ ಈ ಲೆಕ್ಕ ನಡಿಯಲ್ಲ. ಅಲ್ಲಿ ಪಿಯು ಮಾರ್ಕ್ಸ್ ಅರ್ಹತೆಗೆ ಮಾತ್ರ, ರ‍್ಯಾಂಕ್ ಪೂರ್ತಿ ಆ ಒಂದು ಪರೀಕ್ಷೆಯಿಂದಲೇ. 2025ರಿಂದ 180 ಪ್ರಶ್ನೆ, 180 ನಿಮಿಷ, 720 ಮಾರ್ಕ್ಸ್, ಅದರಲ್ಲಿ 360 ಬಯಾಲಜಿದೇ. ತಪ್ಪು ಉತ್ತರಕ್ಕೆ ಒಂದು ಮಾರ್ಕ್ ಕಟ್.

ಏನೇನು ಬೇಕು

ಫಸ್ಟ್ ಮತ್ತು ಸೆಕೆಂಡ್ ಪಿಯು ಎನ್‌ಸಿಇಆರ್‌ಟಿ ಪುಸ್ತಕಗಳು. ಸೀನಿಯರ್ಸ್ ಹತ್ರ ಹಳೇದು ಸಿಗತ್ತೆ, ಇಲ್ಲಾಂದ್ರೆ ಎನ್‌ಸಿಇಆರ್‌ಟಿ ವೆಬ್‌ಸೈಟಲ್ಲಿ ಪಿಡಿಎಫ್ ಫ್ರೀ. ಹಳೇ ಪುಸ್ತಕ ತಗೊಂಡ್ರೆ ಮಾತ್ರ ಹುಷಾರು, ಸಿಲೆಬಸ್ ಕಡಿತ ಆದ್ಮೇಲೆ ಕೆಮಿಸ್ಟ್ರಿಲಿ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ಸ್ ಥರ ಇಡೀ ಚಾಪ್ಟರ್‌ಗಳೇ ಹೋಗಿವೆ, ಸೆಕೆಂಡ್ ಪಿಯು ಕೆಮಿಸ್ಟ್ರಿ ಈಗ ಹತ್ತೇ ಚಾಪ್ಟರ್. ಅಕ್ಕನ ಪುಸ್ತಕ ಇಟ್ಕೊಂಡು ಇಲ್ದೇ ಇರೋ ಚಾಪ್ಟರ್ ಓದ್ತಾ ಕೂರೋ ಹುಡುಗ್ರು ಈಗ್ಲೂ ಇದಾರೆ.

ಅದರ ಜೊತೆ ಬೋರ್ಡಿನ ಹಳೇ ಪ್ರಶ್ನೆಪತ್ರಿಕೆ ಮತ್ತು ಮಾಡೆಲ್ ಪೇಪರ್, ಇದು ಪರೀಕ್ಷಾ ಮಂಡಳಿ ವೆಬ್‌ಸೈಟಲ್ಲಿದೆ. ಸಿಇಟಿ ಹಳೇ ಪೇಪರ್ ಮತ್ತು ಕೀ ಆನ್ಸರ್ ಆ ಪರೀಕ್ಷೆ ನಡೆಸೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಲ್ಲಿ. ಎಂಸಿಕ್ಯೂ (ನಾಲ್ಕು ಆಪ್ಷನ್ನಿನ ಪ್ರಶ್ನೆ) ಜಾಸ್ತಿ ಬೇಕು ಅಂದ್ರೆ ಎನ್‌ಸಿಇಆರ್‌ಟಿ ಎಕ್ಸೆಂಪ್ಲರ್, ಅದೂ ಫ್ರೀ. ಇನ್ನು ಗೈಡು. ಒಂದು ಸಬ್ಜೆಕ್ಟಿಗೆ ಒಂದು ಇರ್ಲಿ ಸಾಕು, ಮೂರು ಗೈಡ್ ತಗೊಂಡು ಒಂದನ್ನೂ ಮುಗಿಸದೇ ಇರೋದಕ್ಕಿಂತ ಒಂದನ್ನ ಹರಿಯೋವರೆಗೂ ಬಳಸೋದು ವಾಸಿ. ಫೋನಲ್ಲಿ ವಿಡಿಯೋ ನೋಡಿ, ಬೇಡ ಅನ್ನಲ್ಲ, ಆದ್ರೆ ಪುಸ್ತಕ ಓದಿ ಎಲ್ಲಿ ಅರ್ಥ ಆಗ್ಲಿಲ್ವೋ ಆ ಟಾಪಿಕ್ ಹುಡುಕಿ ನೋಡಿ, ಮೊದ್ಲೇ ವಿಡಿಯೋ ಹಾಕ್ಕೊಂಡು ಕೂತ್ರೆ ಎಲ್ಲಾ ಅರ್ಥ ಆದಂಗೆ ಅನ್ಸತ್ತೆ, ಪೆನ್ ಹಿಡಿದಾಗ ಒಂದು ಲೈನೂ ಬರಲ್ಲ.

ಮೊದಲ ವಾರದ ಕೆಲ್ಸ: ಸಿಲೆಬಸ್ ಶೀಟು

ಒಂದು ದೊಡ್ಡ ಹಾಳೆ ತಗೊಂಡು ಈ ವರ್ಷದ ಎಲ್ಲಾ ಚಾಪ್ಟರ್ ಹೆಸ್ರು ಬರೀರಿ. ಪಕ್ಕದಲ್ಲಿ ನಾಲ್ಕು ಕಾಲಂ: ಓದಿದ್ದು, ನೋಡದೆ ಬರೆದಿದ್ದು, ಎಂಸಿಕ್ಯೂ ಮಾಡಿದ್ದು, ರಿವಿಷನ್. ಮಂಡಳಿ ಬಿಡೋ ಬ್ಲೂಪ್ರಿಂಟ್ ನೋಡಿ ಯಾವ ಚಾಪ್ಟರಿಗೆ ಬೋರ್ಡಲ್ಲಿ ಎಷ್ಟು ಮಾರ್ಕ್ಸ್ ಅಂತಾನೂ ಬರ್ಕೊಳ್ಳಿ. ಗೋಡೆಗೆ ಅಂಟಿಸಿ. ಬಣ್ಣಬಣ್ಣದ ಟೈಮ್ ಟೇಬಲ್ ಮಾಡೋದ್ರಲ್ಲಿ ಎರಡು ದಿನ ಕಳೀಬೇಡಿ, ಅದು ಓದೋದನ್ನ ಮುಂದೂಡೋಕೆ ಇರೋ ಗೌರವದ ದಾರಿ ಅಷ್ಟೇ.

ಒಂದು ಚಾಪ್ಟರ್ ಹೇಗೆ ಮುಗಿಸೋದು

ಇಡೀ ಗೈಡಲ್ಲಿ ಮುಖ್ಯ ಭಾಗ ಇದೇ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ. ಬೋರ್ಡಿಗೆ ಬೇರೆ, ಸಿಇಟಿಗೆ ಬೇರೆ ಅಂತ ಎರಡು ಸಲ ಓದೋಕೆ ನಿಮ್ಮತ್ರ ಟೈಮಿಲ್ಲ. ಪುಸ್ತಕ ಒಂದೇ, ಪ್ರಶ್ನೆ ಕೇಳೋ ರೀತಿ ಎರಡು. ಹಾಗಾಗಿ ಒಂದು ಚಾಪ್ಟರ್ ಹಿಡಿದ್ರೆ ಎರಡಕ್ಕೂ ಮುಗಿಸ್ಕೊಂಡೇ ಮುಂದಕ್ಕೆ ಹೋಗ್ಬೇಕು.

ಫಿಸಿಕ್ಸ್ ಮೊದಲ ಚಾಪ್ಟರನ್ನೇ ತಗೊಳ್ಳಿ, ಎಲೆಕ್ಟ್ರಿಕ್ ಚಾರ್ಜಸ್ ಅಂಡ್ ಫೀಲ್ಡ್ಸ್.

ಮೊದಲನೇ ಸಲ ಪೆನ್ಸಿಲ್ ಹಿಡ್ಕೊಂಡು ಓದಿ, ಅರ್ಥ ಆಗದ ಕಡೆ ಪ್ರಶ್ನೆಚಿಹ್ನೆ ಹಾಕಿ, ಅಲ್ಲೇ ನಿಲ್ಬೇಡಿ, ಮುಂದೆ ಹೋಗಿ. ಮಧ್ಯೆ ಇರೋ ಎಕ್ಸಾಂಪಲ್ ಲೆಕ್ಕಗಳನ್ನ ಬಿಟ್ಟು ಹಾರೋರು ಬಹಳ, ನಿಜವಾದ ಪಾಠ ಅಲ್ಲೇ ಇರೋದು. ಎಕ್ಸಾಂಪಲ್ ಬಂದಾಗ ಉತ್ತರ ಕೈಯಲ್ಲಿ ಮುಚ್ಚಿ ನೀವೇ ಮಾಡಿ, ಐದು ನಿಮಿಷ ಒದ್ದಾಡಿ, ಆಮೇಲೆ ತೆಗೆದು ನೋಡಿ.

ಎರಡನೇ ಸಲ ಬೋರ್ಡಿಗೆ. ಪುಸ್ತಕ ಮುಚ್ಚಿ ಡೆರಿವೇಶನ್ ಬರೀರಿ. ಡೈಪೋಲ್‌ನ ಆಕ್ಸಿಸ್ ಮೇಲಿರೋ ಪಾಯಿಂಟಲ್ಲಿ ಎಲೆಕ್ಟ್ರಿಕ್ ಫೀಲ್ಡ್ ಎಷ್ಟು, ಗಾಸ್ ನಿಯಮದಿಂದ ಉದ್ದನೆ ವೈರಿನ ಫೀಲ್ಡ್ ಎಷ್ಟು, ಇವೆಲ್ಲ. ಚಿತ್ರ ಮೊದ್ಲು, ಚಾರ್ಜು ಮತ್ತು ದೂರ ಗುರುತು ಮಾಡಿ, ಯಾವ ನಿಯಮ ಬಳಸ್ತಿದೀವಿ ಅಂತ ಒಂದು ವಾಕ್ಯ, ಆಮೇಲೆ ಸ್ಟೆಪ್ಪು. ವ್ಯಾಲ್ಯುಯೇಷನಲ್ಲಿ ಸ್ಟೆಪ್ಪಿಗೆ ಮಾರ್ಕ್ಸ್ ಇರೋದ್ರಿಂದ ಕೊನೇ ಉತ್ತರ ತಪ್ಪಿದ್ರೂ ಚಿತ್ರಕ್ಕೆ, ಮೊದಲ ಸಮೀಕರಣಕ್ಕೆ ಬರೋದು ಬಂದೇ ಬರತ್ತೆ. ಮಾರನೇ ದಿನ ಬೆಳಿಗ್ಗೆ ಅದನ್ನೇ ಇನ್ನೊಂದ್ಸಲ, ನೋಡದೆ.

ಮೂರನೇ ಸಲ ಸಿಇಟಿಗೆ. ಈಗ ಅದೇ ಡೆರಿವೇಶನ್ನಿನ ಕೊನೇ ಲೈನನ್ನ ಇಟ್ಕೊಂಡು ನಿಮಗೆ ನೀವೇ ಪ್ರಶ್ನೆ ಹಾಕ್ಕೊಳ್ಳಿ. ಡೈಪೋಲ್ ಫೀಲ್ಡು ದೂರದ ಘನಕ್ಕೆ ವಿಲೋಮ ಅನುಪಾತದಲ್ಲಿದೆ, ಹಾಗಾದ್ರೆ ದೂರ ಎರಡರಷ್ಟು ಮಾಡಿದ್ರೆ ಫೀಲ್ಡ್ ಎಷ್ಟಾಗತ್ತೆ? ಎಂಟನೇ ಒಂದು ಭಾಗ. ಒಂದೇ ಚಾರ್ಜ್ ಇದ್ದಿದ್ರೆ? ನಾಲ್ಕನೇ ಒಂದು. ಅಷ್ಟೇ ದೂರದಲ್ಲಿ ಆಕ್ಸಿಸ್ ಮೇಲಿನದಕ್ಕೂ ಈಕ್ವೆಟರ್ ಮೇಲಿನದಕ್ಕೂ ಅನುಪಾತ? ಡೈಪೋಲ್ ಚಿಕ್ಕದಿದ್ರೆ ಎರಡಕ್ಕೆ ಒಂದು. ದಿಕ್ಕು? ಎದುರು ಬದುರು. ನೋಡಿ, ಐದು ಮಾರ್ಕಿನ ಒಂದೇ ಡೆರಿವೇಶನ್ನಿಂದ ನಾಲ್ಕು ಎಂಸಿಕ್ಯೂ ಹುಟ್ತು, ಪೇಪರ್ ಸೆಟ್ ಮಾಡೋರಿಗೂ ಇಂಥ ಪ್ರಶ್ನೆಗಳೇ ಬೇಕಾಗಿರೋದು. ಕರೆಂಟ್ ಎಲೆಕ್ಟ್ರಿಸಿಟಿಲೂ ಇದೇ ಆಟ. ವೈರನ್ನ ಎಳೆದು ಉದ್ದ ಎರಡರಷ್ಟು ಮಾಡಿದ್ರೆ ರೆಸಿಸ್ಟೆನ್ಸ್ ನಾಲ್ಕರಷ್ಟು, ಯಾಕಂದ್ರೆ ಉದ್ದ ಹೆಚ್ಚಾಗೋದ್ರ ಜೊತೆ ದಪ್ಪಾನೂ ಕಮ್ಮಿ ಆಯ್ತು. ಈ ಯಾಕೆ ಗೊತ್ತಿದ್ದವನಿಗೆ ಉದ್ದ 10 ಪರ್ಸೆಂಟ್ ಹೆಚ್ಚಿಸಿದ್ರೆ ಎಷ್ಟು ಅಂದಾಗ 21 ಪರ್ಸೆಂಟ್ ಅಂತ ಬರತ್ತೆ, ನಾಲ್ಕರಷ್ಟು ಅಂತ ಬಾಯಿಪಾಠ ಮಾಡಿದವನು ಅಲ್ಲೇ ಕಣ್ಣು ಬಾಯಿ ಬಿಡ್ತಾನೆ.

ಆಮೇಲೆ ಹಳೇ ಸಿಇಟಿ ಪೇಪರ್‌ಗಳಿಂದ ಆ ಚಾಪ್ಟರಿನ ಪ್ರಶ್ನೆ ಆರಿಸಿ ಮಾಡಿ, ಒಂದಕ್ಕೆ 80 ಸೆಕೆಂಡ್. ಯಾಕೆ 80 ಅಂದ್ರೆ ಸಿಇಟಿಲಿ ಒಂದು ಸಬ್ಜೆಕ್ಟಿಗೆ 60 ಪ್ರಶ್ನೆ, 80 ನಿಮಿಷ. ಇಷ್ಟಾದ್ಮೇಲೆ ಗೋಡೆ ಮೇಲಿನ ಹಾಳೇಲಿ ಟಿಕ್ ಹಾಕಿ.

ಮಿಕ್ಕ ಸಬ್ಜೆಕ್ಟುಗಳು

ಕೆಮಿಸ್ಟ್ರಿನ ಮೂರು ಬೇರೆ ಬೇರೆ ಸಬ್ಜೆಕ್ಟ್ ಥರ ನೋಡಿ. ಫಿಸಿಕಲ್ ಅಂದ್ರೆ ಲೆಕ್ಕ, ಸೊಲ್ಯೂಷನ್ಸ್, ಎಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್, ಫಿಸಿಕ್ಸ್ ಥರಾನೇ ಓದಿ. ಫಸ್ಟ್ ಆರ್ಡರ್ ರಿಯಾಕ್ಷನ್ 99.9 ಪರ್ಸೆಂಟ್ ಮುಗಿಯೋಕೆ ಹಾಫ್ ಲೈಫಿನ ಸುಮಾರು ಹತ್ತರಷ್ಟು ಟೈಮ್ ಬೇಕು, ಇದು ಬೋರ್ಡಲ್ಲಿ ಲೆಕ್ಕವಾಗಿ ಬರತ್ತೆ, ಸಿಇಟಿಲಿ ಒಂದೇ ಲೈನಲ್ಲಿ ಬರತ್ತೆ. ಇನಾರ್ಗ್ಯಾನಿಕ್‌ಗೆ ಪುಸ್ತಕದ ವಾಕ್ಯ ಬಿಟ್ಟು ಆಚೆ ಹೋಗ್ಬೇಡಿ, ಡಿ ಬ್ಲಾಕ್ ಮತ್ತು ಕೋಆರ್ಡಿನೇಷನ್ ಕಾಂಪೌಂಡ್ಸ್ ಸಾಲು ಸಾಲಾಗಿ ಓದಿ.

ಆರ್ಗ್ಯಾನಿಕ್ ಅಂದ್ರೆ ಎಲ್ರಿಗೂ ಭಯ, ಭಯಕ್ಕೆ ಕಾರಣ ರಿಯಾಕ್ಷನ್ನುಗಳನ್ನ ಒಂದೊಂದಾಗಿ ಬಿಡಿಬಿಡಿಯಾಗಿ ಉರು ಹೊಡೆಯೋದು. ಅದರ ಬದ್ಲು ಒಂದು ಹಾಳೆ ಮಧ್ಯೆ ಆಲ್ಕೋಹಾಲ್ ಅಂತ ಬರೆದು ಅದಕ್ಕೆ ಎಲ್ಲಿಂದ ಬರಬಹುದು, ಅದರಿಂದ ಎಲ್ಲಿಗೆ ಹೋಗಬಹುದು ಅಂತ ಬಾಣ ಎಳೀರಿ, ಬಾಣದ ಮೇಲೆ ರಿಯೇಜೆಂಟ್. ನಮ್ಮೂರ ಬಸ್‌ಸ್ಟ್ಯಾಂಡಿಂದ ಯಾವ ಬಸ್ ಎಲ್ಲಿಗೆ ಹೋಗತ್ತೆ ಅಂತ ಯಾರೂ ಬಾಯಿಪಾಠ ಮಾಡಲ್ಲ, ಓಡಾಡಿ ಓಡಾಡಿ ಗೊತ್ತಾಗತ್ತೆ, ಇದೂ ಹಂಗೇ. ಹೆಸರಿರೋ ರಿಯಾಕ್ಷನ್ನುಗಳು, ಫಿಂಕೆಲ್‌ಸ್ಟೈನ್, ವಿಲಿಯಮ್ಸನ್, ರೈಮರ್ ಟೀಮನ್, ಕ್ಯಾನಿಜಾರೊ, ಹಾಫ್‌ಮನ್ ಬ್ರೊಮಾಮೈಡ್, ಇವಕ್ಕೆ ಮಾತ್ರ ಬೇರೆ ಪಟ್ಟಿ ಇರ್ಲಿ, ಬೋರ್ಡು ಸಿಇಟಿ ನೀಟ್ ಮೂರಕ್ಕೂ ಬೇಕು.

ಮ್ಯಾಥ್ಸ್‌ಗೆ ಮನೇಲಿ ಓದೋರು ಬೀಳೋ ಗುಂಡಿ ಅಂದ್ರೆ ಬಿಡಿಸಿದ ಲೆಕ್ಕ ಓದ್ಕೊಂಡು ಹೋಗೋದು. ಮ್ಯಾಥ್ಸ್ ಓದೋ ಸಬ್ಜೆಕ್ಟೇ ಅಲ್ಲ. ಮೊದ್ಲು ಪುಸ್ತಕದ ಎಕ್ಸರ್ಸೈಜ್ ಪೂರ್ತಿ ಕೈಯಲ್ಲಿ ಮಾಡಿ. ಎಲ್‌ಪಿಪಿ (ಲೀನಿಯರ್ ಪ್ರೋಗ್ರಾಮಿಂಗ್) ಗ್ರಾಫು, ಮ್ಯಾಟ್ರಿಕ್ಸ್ ವಿಧಾನದಲ್ಲಿ ಸಮೀಕರಣ ಬಿಡಿಸೋದು, ಇಂಥ ದೊಡ್ಡ ಮಾರ್ಕಿನ ಪ್ರಶ್ನೆಗಳನ್ನ ಬೋರ್ಡಿಗೆ ಕಣ್ಮುಚ್ಚಿ ಬರೆಯೋಷ್ಟು ಮಾಡ್ಕೊಳ್ಳಿ. ಸಿಇಟಿಗೆ ಬಂದಾಗ ರೀತಿ ಬದಲಾಗತ್ತೆ, ಅಲ್ಲಿ ಸ್ಟೆಪ್ ಯಾರೂ ನೋಡಲ್ಲ. ಇಂಟಿಗ್ರೇಷನ್ ಕೊಟ್ಟು ನಾಲ್ಕು ಆಪ್ಷನ್ ಕೊಟ್ರೆ ಎಷ್ಟೋ ಸಲ ಆಪ್ಷನ್ನನ್ನೇ ಡಿಫರೆನ್ಷಿಯೇಟ್ ಮಾಡಿ ನೋಡೋದು ಬೇಗ ಆಗತ್ತೆ. ಇನ್ವರ್ಸ್ ಟ್ರಿಗ್ನಾಮೆಟ್ರಿಲಿ ಎಕ್ಸ್ ಜಾಗಕ್ಕೆ ಸುಲಭದ ಒಂದು ಬೆಲೆ ಹಾಕಿ ತಪ್ಪು ಆಪ್ಷನ್ ತೆಗೆದುಬಿಡಿ. 3×3 ಮ್ಯಾಟ್ರಿಕ್ಸಿನ ಡಿಟರ್ಮಿನಂಟ್ 5, ಅದರ ಅಡ್ಜಾಯಿಂಟಿನ ಡಿಟರ್ಮಿನಂಟ್ ಎಷ್ಟು ಅಂದ್ರೆ ಮ್ಯಾಟ್ರಿಕ್ಸ್ ಬರೆಯೋ ಅಗತ್ಯಾನೇ ಇಲ್ಲ, 5ರ ವರ್ಗ 25. ಇಂಥ ಪ್ರಾಪರ್ಟಿಗಳಿಗೆ ಚಾಪ್ಟರಿಗೆ ಒಂದು ಪುಟ ಸಾಕು.

ಬಯಾಲಜಿ ಬಗ್ಗೆ ಬಹಳ ಹೇಳೋದೇನಿಲ್ಲ, ಎನ್‌ಸಿಇಆರ್‌ಟಿ ಓದಿ, ಮತ್ತೆ ಓದಿ, ಚಿತ್ರದ ಕೆಳಗಿರೋ ವಾಕ್ಯಾನೂ ಬಿಡ್ಬೇಡಿ. ಪುಸ್ತಕ ಮುಚ್ಚಿ ಚಿತ್ರ ಬರೆದು ಭಾಗ ಗುರುತಿಸಿ, ಬೋರ್ಡಿಗೂ ಅದೇ ಬೇಕು. ಹೈಲೈಟರ್ ಮಾತ್ರ ದೂರ ಇಡಿ, ಪುಟ ಪೂರ್ತಿ ಹಳದಿ ಆದ್ರೆ ಮುಖ್ಯ ಯಾವುದು ಅಂತ ಹೇಗೆ ಗೊತ್ತಾಗತ್ತೆ.

ಕನ್ನಡ ಮೀಡಿಯಮ್ಮಿಂದ ಬಂದೋರಿಗೆ

ಹತ್ತನೇ ಕ್ಲಾಸ್ ತನಕ ಕನ್ನಡದಲ್ಲಿ ಓದಿ ಇದ್ದಕ್ಕಿದ್ದಂಗೆ ಇಂಗ್ಲಿಷಲ್ಲಿ ಫಿಸಿಕ್ಸ್ ಅಂದ್ರೆ ಮೊದಲ ಎರಡ್ಮೂರು ತಿಂಗಳು ತಲೆ ಕೆಡೋದು ಸಹಜ, ಎಷ್ಟೋ ಜನ ಅದನ್ನ ತಮ್ಮ ದಡ್ಡತನ ಅಂದ್ಕೊಂಡು ಸೈನ್ಸೇ ಬಿಟ್ಬಿಡ್ತಾರೆ. ಒಂದು ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ, ಚಾಪ್ಟರ್ ಓದೋಕೆ ಮುಂಚೆ ಅದರಲ್ಲಿ ಬರೋ ಮುಖ್ಯ ಪದಗಳಿಗೆ ಹತ್ತನೇ ಕ್ಲಾಸಲ್ಲಿ ಓದಿದ ಕನ್ನಡ ಪದ ಪಕ್ಕದಲ್ಲಿ ಬರೀರಿ. ವಿಷ್ಯ ಕನ್ನಡದಲ್ಲೇ ಯೋಚ್ನೆ ಮಾಡಿ, ಫ್ರೆಂಡಿಗೆ ಕನ್ನಡದಲ್ಲೇ ವಿವರಿಸಿ, ಉತ್ತರದ ವಾಕ್ಯ ಮಾತ್ರ ಇಂಗ್ಲಿಷಲ್ಲಿ ಬರೆದು ಅಭ್ಯಾಸ ಮಾಡಿ. ಬೋರ್ಡಿಗೆ ದೊಡ್ಡ ಇಂಗ್ಲಿಷ್ ಬೇಡ, ಸಣ್ಣ ವಾಕ್ಯ ಸಾಕು. ನೀಟ್ ಬರೆಯೋರು ಅರ್ಜಿ ಹಾಕುವಾಗ ಕನ್ನಡ ಭಾಷೆ ಆಯ್ಕೆ ಮಾಡ್ಕೋಬಹುದು, ಆದ್ರೆ ಎರಡು ವರ್ಷ ಇಂಗ್ಲಿಷ್ ಪುಸ್ತಕ ಓದಿದೋರಿಗೆ ಅಲ್ಲಿನ ಕನ್ನಡ ಪಾರಿಭಾಷಿಕ ಪದಗಳು ಹೊಸದು ಅನ್ಸಬಹುದು, ಹಳೇ ಕನ್ನಡ ಪೇಪರ್ ಒಂದು ನೋಡಿ ತೀರ್ಮಾನ ಮಾಡಿ.

ಇನ್ನೊಂದು ಮಾತು, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಅಥವಾ ಗ್ರಾಮೀಣ ಶಾಲೇಲಿ ಓದಿದ್ರೆ ಸಿಇಟಿ ಸೀಟು ಹಂಚಿಕೇಲಿ ಮೀಸಲಾತಿ ಇದೆ. ಅರ್ಜೀಲಿ ಕ್ಲೇಮ್ ಮಾಡ್ಬೇಕು, ಶಾಲೆಯಿಂದ ಸರ್ಟಿಫಿಕೇಟ್ ತಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಮಾಡಿಸ್ಬೇಕು. ಈ ಓಡಾಟ ಏಪ್ರಿಲಲ್ಲಿ ಇಟ್ಕೋಬೇಡಿ, ದಸರಾ ರಜೇಲೇ ಶುರು ಮಾಡಿ.

ವರ್ಷ ಹೇಗೆ ಹಂಚ್ಕೊಳ್ಳೋದು

ಜೂನಿಂದ ಡಿಸೆಂಬರ್ ತನಕ ಕಾಲೇಜಲ್ಲಿ ಯಾವ ಚಾಪ್ಟರ್ ನಡೀತಿದ್ಯೋ ಅದನ್ನೇ ಅದೇ ವಾರ ಮೇಲೆ ಹೇಳಿದ ಕ್ರಮದಲ್ಲಿ ಮುಗಿಸಿ. ಕಾಲೇಜು ಇರೋ ದಿನ ಮೂರರಿಂದ ನಾಲ್ಕು ಗಂಟೆ ನಿಜವಾಗಿ ಓದಿದ್ರೆ ಸಾಕು, ಹನ್ನೆರಡು ಗಂಟೆ ಓದ್ತೀನಿ ಅನ್ನೋರ ಮಾತು ನಂಬ್ಬೇಡಿ. ಭಾನುವಾರ ಅರ್ಧ ದಿನ ಫಸ್ಟ್ ಪಿಯುಗೆ. ಇದನ್ನ ಬಿಡೋರೇ ಜಾಸ್ತಿ, ಸಿಇಟಿಲಿ ಸೆಕೆಂಡ್ ಪಿಯು ಪ್ರಶ್ನೆ ಜಾಸ್ತಿ ಅನ್ನೋದು ನಿಜ, ಆದ್ರೆ ಫಸ್ಟ್ ಪಿಯು ಪೂರ್ತಿ ಬಿಟ್ರೆ ಕೈಗೆ ಸಿಗೋ ಮಾರ್ಕ್ಸ್ ಹೋಗತ್ತೆ. ಟೈಮಿಲ್ಲ ಅಂದ್ರೆ ಥರ್ಮೋಡೈನಮಿಕ್ಸ್, ಯೂನಿಟ್ಸ್, ಕೆಮಿಕಲ್ ಬಾಂಡಿಂಗ್, ಸೆಟ್ಸ್, ಸ್ಟ್ರೈಟ್ ಲೈನ್ಸ್ ಥರ ಚಾಪ್ಟರಿಂದ ಶುರು ಮಾಡಿ.

ಜನವರಿ, ಫೆಬ್ರವರಿ ಪೂರ್ತಿ ಬೋರ್ಡಿಗೆ: ಪ್ರಿಪರೇಟರಿ, ಪ್ರಾಕ್ಟಿಕಲ್, ಹಳೇ ಪೇಪರ್ ಗಡಿಯಾರ ಇಟ್ಕೊಂಡು ಬರೆಯೋದು. ಪ್ರಾಕ್ಟಿಕಲ್ಲಿಗೆ ಫಿಸಿಕ್ಸ್ ಕೆಮಿಸ್ಟ್ರಿಲಿ 30 ಮಾರ್ಕ್ಸ್ ಇದೆ, ಮ್ಯಾಥ್ಸಲ್ಲಿ 20 ಇಂಟರ್ನಲ್. ಇದನ್ನ ಸುಮ್ನೆ ಕೊಡ್ತಾರೆ ಅಂತ ಲ್ಯಾಬ್ ತಪ್ಪಿಸ್ಬೇಡಿ, ಮೀಟರ್ ಬ್ರಿಡ್ಜ್ ಕೈಯಲ್ಲಿ ಮಾಡಿದವನಿಗೆ ಸೆಲ್ಲು ಗ್ಯಾಲ್ವನೋಮೀಟರ್ ಅದಲು ಬದಲು ಮಾಡಿದ್ರೂ ಬ್ಯಾಲೆನ್ಸ್ ಪಾಯಿಂಟ್ ಬದಲಾಗಲ್ಲ ಅಂತ ಎಂಸಿಕ್ಯೂ ಬಂದಾಗ ಥಟ್ಟನೆ ಹೊಳೆಯತ್ತೆ.

ಮಾರ್ಚಲ್ಲಿ ಬೋರ್ಡ್ ಮುಗಿದ ಮೇಲೆ ಸಿಇಟಿಗೆ ಕೆಲವೇ ವಾರ ಸಿಗತ್ತೆ. ಬೋರ್ಡ್ ಮುಗೀತು ಅಂತ ಒಂದೆರಡು ದಿನ ಮಲಗಿ ಎದ್ದು, ಆಮೇಲೆ ಬರೀ ಪೇಪರ್. ಹೊಸ ಚಾಪ್ಟರ್ ಶುರು ಮಾಡೋ ಕಾಲ ಅಲ್ಲ ಅದು.

ಮಾಕ್ ಟೆಸ್ಟು ಮತ್ತು ತಪ್ಪಿನ ನೋಟ್‌ಬುಕ್

ಟೆಸ್ಟ್ ಬರೆಯೋದಕ್ಕಿಂತ ಬರೆದ ಮೇಲೆ ಕೂರೋ ಗಂಟೆ ಮುಖ್ಯ. ತಪ್ಪಾದ ಪ್ರತಿ ಪ್ರಶ್ನೆ ಪಕ್ಕ ಒಂದು ಅಕ್ಷರ ಹಾಕಿ. ವಿಷ್ಯ ಗೊತ್ತಿರ್ಲಿಲ್ಲ ಅಂದ್ರೆ "ಗೊ", ಗೊತ್ತಿತ್ತು ಆದ್ರೆ ಮರ್ತೋಯ್ತು ಅಂದ್ರೆ "ಮ", ಗೊತ್ತಿದ್ರೂ ಯೂನಿಟ್ಟು, ಮೈನಸ್ಸು, ಪ್ರಶ್ನೇಲಿ "ಅಲ್ಲ" ಅನ್ನೋದು ನೋಡದೇ ಹೋಗಿದ್ದು ಅಂದ್ರೆ "ಅ", ಅವಸರ. "ಗೊ" ಜಾಸ್ತಿ ಇದ್ರೆ ಪುಸ್ತಕಕ್ಕೆ ವಾಪಸ್ ಹೋಗಿ, "ಮ" ಇದ್ರೆ ರಿವಿಷನ್ ಸಾಲ್ತಿಲ್ಲ, "ಅ" ಇದ್ರೆ ಇನ್ನೂ ಹತ್ತು ಚಾಪ್ಟರ್ ಓದಿದ್ರೂ ಪ್ರಯೋಜನ ಇಲ್ಲ, ನಿಧಾನ ಕಲೀಬೇಕು. ಕೋಚಿಂಗಲ್ಲಿ ನೂರಾರು ಹುಡುಗ್ರ ಮಧ್ಯೆ ಒಬ್ಬೊಬ್ಬರಿಗೂ ಕೂತು ಈ ಲೆಕ್ಕ ಹಾಕೋದು ಕಷ್ಟ, ನಿಮಗೆ ನೀವೇ ಮಾಡ್ಕೋಬಹುದು.

ಸಿಇಟಿ ಮಾಕ್ ಬರೆಯೋದಾದ್ರೆ ನಿಜವಾದ ಟೈಮಿಗೇ ಬರೀರಿ, ಬೆಳಿಗ್ಗೆ ಹತ್ತೂವರೆಗೆ ಒಂದು ಸಬ್ಜೆಕ್ಟ್, ಮಧ್ಯಾಹ್ನ ಎರಡೂವರೆಗೆ ಇನ್ನೊಂದು. ಊಟ ಆದ್ಮೇಲೆ ಮ್ಯಾಥ್ಸ್ ಮಾಡೋಕೆ ತಲೆ ಒಪ್ಪತ್ತಾ ಇಲ್ವಾ ಅನ್ನೋದು ಮೊದ್ಲೇ ಗೊತ್ತಾಗ್ಲಿ. ಒಎಂಆರ್ ಶೀಟ್ (ಗೋಲ ತುಂಬೋ ಉತ್ತರದ ಹಾಳೆ) ಪ್ರಿಂಟ್ ಹಾಕಿಸಿ ಬಾಲ್ ಪೆನ್ನಲ್ಲೇ ತುಂಬಿ.

ಪರೀಕ್ಷೆ ದಿನ ಮತ್ತು ಅದರ ಆಮೇಲೆ

ಸಿಇಟಿಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ, ಹಾಗಾಗಿ ಒಂದು ಗೋಲಾನೂ ಖಾಲಿ ಬಿಡಬಾರ್ದು. ಮೊದಲ ರೌಂಡಲ್ಲಿ ಗೊತ್ತಿರೋದು, ಎರಡನೇ ರೌಂಡಲ್ಲಿ ಲೆಕ್ಕ ಮಾಡ್ಬೇಕಾದ್ದು, ಕೊನೇ ಐದು ನಿಮಿಷ ಉಳಿದಿದ್ದಕ್ಕೆಲ್ಲ ಏನಾದ್ರೂ ಒಂದು ತುಂಬಿ. ಎರಡು ಆಪ್ಷನ್ ತೆಗೆದು ಹಾಕೋಕೆ ಆದ್ರೆ ಗೆಸ್ ಕೂಡ ಅರ್ಧಕ್ಕರ್ಧ ಸರಿ. ನೀಟಲ್ಲಿ ಹೀಗೆ ಎಲ್ಲಾ ತುಂಬಿದ್ರೆ ತಪ್ಪಾಗಿದ್ದಕ್ಕೆಲ್ಲ ಒಂದೊಂದು ಮಾರ್ಕ್ ಕಟ್, ಎರಡನ್ನೂ ಬರೆಯೋರು ಈ ವ್ಯತ್ಯಾಸ ತಲೇಲಿ ಇಟ್ಕೊಳ್ಳಿ. ವರ್ಷನ್ ಕೋಡ್ ಸರಿಯಾಗಿ ತುಂಬಿದೀನಾ ಅಂತ ಎರಡು ಸಲ ನೋಡಿ.

ಬೋರ್ಡ್ ಪರೀಕ್ಷೆ 1ರಲ್ಲಿ ಕಮ್ಮಿ ಬಂತು ಅಂದ್ರೆ ಪರೀಕ್ಷೆ 2 ಇದೆ, ಯಾವುದ್ರಲ್ಲಿ ಜಾಸ್ತಿ ಬರತ್ತೋ ಅದನ್ನ ಇಟ್ಕೋಬಹುದು. ಸಿಇಟಿ ಮುಗಿದ ಮೇಲೆ ಕೆಇಎ ತಾತ್ಕಾಲಿಕ ಕೀ ಆನ್ಸರ್ ಬಿಡತ್ತೆ, ಆಕ್ಷೇಪಣೆಗೆ ಕೆಲವೇ ದಿನ ಟೈಮ್ ಇರತ್ತೆ. ಕೀ ತಪ್ಪು ಅನ್ಸಿದ್ರೆ ಪುಸ್ತಕದ ಪುಟದ ಸಮೇತ ಆಧಾರ ಕೊಟ್ಟು ಹಾಕಿ. 2024ರಲ್ಲಿ ಸಿಲೆಬಸ್ಸಲ್ಲಿ ಇಲ್ಲದ ಪ್ರಶ್ನೆ ಬಂದಿವೆ ಅಂತ ವಿದ್ಯಾರ್ಥಿಗಳು, ಲೆಕ್ಚರರ್‌ಗಳು ಗಲಾಟೆ ಮಾಡಿದ ಮೇಲೆ 50 ಪ್ರಶ್ನೆಗಳನ್ನ ಮೌಲ್ಯಮಾಪನದಿಂದ ಕೈಬಿಟ್ರು. ಗೋಡೆ ಮೇಲಿನ ಸಿಲೆಬಸ್ ಶೀಟು ರಿಸಲ್ಟ್ ಬರೋವರೆಗೂ ಅಲ್ಲೇ ಇರ್ಲಿ, ಯಾವ ಪ್ರಶ್ನೆ ಹೊರಗಿನದು ಅಂತ ಹಿಡಿಯೋಕೆ ಅದೇ ಬೇಕಾಗತ್ತೆ.